ಕುರಿಗೆ ಕಟ್ಟುವ ಕಟ್ಟು ಮತ್ತು ನನ್ನ ಹಿಮ್ಮಡಿ

ತನಗೊಂದು ಹಿಮ್ಮಡಿ ಇದೆ ಎಂಬುದು ಅದು ಮುರಿಯುವವರೆಗೆ ಯಾರಿಗೂ ನೆನಪಾಗುವುದಿಲ್ಲ. ಹೊಸದುರ್ಗದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಅಸ್ಥಿಪಂಜರದ ಪಾಠ ಮಾಡುವ ನನಗೂ ಅಷ್ಟೇ. ಹೋದ ವರ್ಷ ತಾರಸಿಯ ಮೇಲಿನ ನೀರಿನ ಟ್ಯಾಂಕ್ ನೋಡಲು ಏಣಿ ಹತ್ತಿದೆ, ಏಣಿ ಜಾರಿತು. ಬೇರೆಯವರಾದರೆ ಅಂಗಾತವೋ ಬೋರಲೋ ಬೀಳುತ್ತಾರೆ. ಶಿಸ್ತಿನ ಮೇಷ್ಟ್ರಾದ ನಾನು ನೆಟ್ಟಗೆ ನಿಂತೇ ಬಿದ್ದೆ. ಬಲ ಹಿಮ್ಮಡಿ ಮಾವಿನಕಾಯಿಯಂತೆ ಊದಿಕೊಂಡಿತು.

ಹೆಂಡತಿ ಆಟೋ ಕರೆಯಲು ಹೊರಟಳು. ಬಾಗೂರಿನಿಂದ ಬಂದು ನಮ್ಮ ಮನೆಯಲ್ಲೇ ಇದ್ದ ಸೋದರಮಾವ ಅಡ್ಡ ನಿಂತರು. ನಮ್ಮದು ಕುರಿ ಸಾಕುವ ಮನೆತನ. ಮಂದೆಯಲ್ಲಿ ಯಾವ ಕುರಿಯ ಕಾಲು ಮುರಿದರೂ ಬಿದಿರ ದಬ್ಬೆ ಇಟ್ಟು, ಮೊಟ್ಟೆಯ ಲೋಳೆ ಹಚ್ಚಿ ಕಟ್ಟುವವರು ಮಾವನೇ.

"ದವಾಖಾನೆ ಯಾಕ್ಲೇ ಅಳಿಯ? ನನ್ ಕೈಯಾಗೆ ಕಟ್ಟಿಸ್ಕಂಡ ಒಂದ್ ಕುರೀನೂ ಇವತ್ತಿನ ತನಕ ಕುಂಟಿಲ್ಲ."

ವಿಜ್ಞಾನದ ಮೇಷ್ಟ್ರಾದ ನಾನು ಈ ಲೆಕ್ಕವನ್ನು ನಂಬಿಬಿಟ್ಟೆ. ಕಾಲು ಚಾಚಿದೆ.

ಊತ ಇಳಿಯಿತು, ನೋವು ಇಳಿಯಲಿಲ್ಲ. ಕಾಲಡಿ ಒಂದು ಹರಳು ಸಿಕ್ಕರೂ ಪ್ರಾಣ ಬಾಯಿಗೆ ಬರುತ್ತಿತ್ತು. ನಿಂತು ಪಾಠ ಮಾಡುವುದು ದೂರದ ಮಾತಾಯಿತು. ಕೊನೆಗೆ, ವರ್ಷ ತುಂಬುವ ಹೊತ್ತಿಗೆ, ಹೆಂಡತಿ ನನ್ನನ್ನು ಚಿತ್ರದುರ್ಗದ ಮೂಳೆ ಡಾಕ್ಟರ ಮುಂದೆ ಕೂರಿಸಿದಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಹಿಮ್ಮಡಿ ಮೂಳೆ ಚಪ್ಪಟೆಯಾಗಿ ಕೂಡ್ಕಂಡೈತೆ ಸಾರ್. ಅದರ ಮೇಲಿನ ಕೀಲು ಸವೆದೋಗೈತೆ. ಸ್ಕ್ರೂ ಹಾಕಿ ಎರಡೂ ಮೂಳೆ ಬೆಸೆದುಬಿಡಬೇಕು."

ಬೆಸೆಯುವುದೇ! ಕಣ್ಣ ಮುಂದೆ ವೆಲ್ಡಿಂಗ್ ಅಂಗಡಿಯ ಕಿಡಿಗಳು ಹಾರಿದವು. "ಅಂದ್ರೆ ಆ ಕೀಲು ಇನ್ನು ಆಡೋದೇ ಇಲ್ವಾ?" ಎಂದೆ.

"ಇಲ್ಲ. ಪಾದ ಮೇಲಕ್ಕೆ ಕೆಳಕ್ಕೆ ಆಡ್ತೈತೆ, ಪಕ್ಕಕ್ಕೆ ವಾಲಲ್ಲ. ಆದ್ರೆ ನೋವು ಬಹಳ ಮಟ್ಟಿಗೆ ಹೋಗ್ತೈತೆ."

ಈ ಕಲ್ಲುಬಂಡೆಯ ಸೀಮೆಯಲ್ಲಿ ಪಾದ ವಾಲದಿದ್ದರೆ ನಡೆಯುವುದು ಹೇಗೆ? ಎದ್ದು ಹೋಗಿಬಿಡೋಣ ಎನಿಸಿತು. ಏಳಲು ಆ ಕಾಲೇ ಬೇಕಿತ್ತು.

"ಮೊದಲು ಯಾರ್ ಹತ್ರ ಕಟ್ಟಿಸಿದ್ರಿ?" ಎಂದರು. ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಾರ್, ಕುರಿ ಹಿಮ್ಮಡಿ ನೆಲಕ್ಕೇ ತಾಗಲ್ಲ. ಅದು ಮೇಲೆ, ಹಿಂಗಾಲಿನ ಮಡಿಕೇಲಿ ಇರ್ತೈತೆ. ಕುರಿ ನಡೆಯೋದೇ ಬೆರಳ ತುದೀಲಿ."

ಹೆಂಡತಿಯ ಕಡೆ ತಿರುಗಿದೆ. ಅವಳು ನನ್ನನ್ನು ನೋಡಲೇ ಇಲ್ಲ.

"ಅಂಗಾದ್ರೆ ನಮ್ ಮಾವಾರ ಕೈಗುಣ ಸರಿಯಾಗೇ ಐತ್ರಿ ಡಾಕ್ಟ್ರೇ," ಎಂದಳು. "ಒಂದು ವರ್ಷದಿಂದ ಇವರೂ ಬೆರಳ ತುದೀಲೇ ನಡೀತಾ ಅವರೆ."

ಆಪರೇಷನ್ನಿಗೆ ಆ ಕ್ಷಣವೇ ಒಪ್ಪಿಕೊಂಡೆ. ಪಾದ ವಾಲದಿದ್ದರೆ ಹೋಗಲಿ, ಹಿಮ್ಮಡಿ ಊರಿ ನಡೆಯುವ ಪ್ರಾಣಿಗಳ ಸಾಲಿಗೆ ಮತ್ತೆ ಸೇರಿದರೆ ಅಷ್ಟೇ ಸಾಕು.