ತಲೆಬಾಗಿಲಿಗೆ ಕೊನೆಯಲ್ಲಿ ಬಣ್ಣ

ಹಳೆಯ ಮನೆ ಕೊಂಡವನು ನಗೆ ಹುಡುಕಿಕೊಂಡು ಬೇರೆಲ್ಲೂ ಹೋಗಬೇಕಾಗಿಲ್ಲ. ಸುಣ್ಣ ಹೊಡೆಸಲು ಶುರುಮಾಡಿದರೆ ಸಾಕು. ಐವತ್ತರ ದಶಕದಲ್ಲಿ ಲಕ್ಷ್ಮೀಪುರಂನಲ್ಲಿ ನಾನೊಂದು ಹಳೇ ಹೆಂಚಿನ ಮನೆ ಕೊಂಡೆ. ಆಷಾಢಕ್ಕೆ ಹತ್ತೇ ದಿನವಿತ್ತು. ಅಷ್ಟರೊಳಗೆ ಗೃಹಪ್ರವೇಶ ಆಗದಿದ್ದರೆ ಒಂದು ತಿಂಗಳು ಕಾಯಬೇಕು. ನಾವಿದ್ದ ಒಂಟಿಕೊಪ್ಪಲಿನ ಬಾಡಿಗೆ ಮನೆಗೆ ಆಗಲೇ ಬೇರೆಯವರು ಗೊತ್ತಾಗಿದ್ದರು. ನನಗೆ ನಿಜಕ್ಕೂ ಭಯವಾಗಿತ್ತು.

ಪಟ್ಟಿ

ನಾನು ಗುಮಾಸ್ತ, ಎಲ್ಲಕ್ಕೂ ಕ್ರಮ ಬೇಕು ಅನ್ನುವವನು. ಮೊದಲು ಜೇಡರ ಬಲೆ, ಆಮೇಲೆ ಗೋಡೆ ಕೆರೆಯುವುದು, ಸುಣ್ಣ, ಕಡೆಗೆ ನೆಲ ತೊಳೆಯುವುದು ಎಂದೆಲ್ಲ ಬರೆದು ನಡುಮನೆಯ ಗೋಡೆಗೆ ಅಂಟಿಸಿ ಕಚೇರಿಗೆ ಹೋದೆ. ಸಂಜೆ ಬಂದು ನೋಡಿದರೆ ಪಟ್ಟಿಯೇ ಇಲ್ಲ.

"ಎಲ್ಲಯ್ಯಾ ಪಟ್ಟಿ?" ಎಂದೆ.

"ಅಲ್ಲೇ ಅದೆ ಸ್ವಾಮಿ, ಸುಣ್ಣದ ಕೆಳಗೆ. ಕಿತ್ರೆ ಬೈತೀರಿ ಅಂತ ಕೀಳ್ಲಿಲ್ಲ," ಎಂದ ಸುಣ್ಣದ ಮೇಸ್ತ್ರಿ.

ನೆಲ

ನಮ್ಮಮ್ಮನಿಗೆ ನನ್ನ ಕ್ರಮವೇ ಹಿಡಿಸಲಿಲ್ಲ. "ಯಾರ್ಯಾರೋ ಓಡಾಡಿದ ಮನೆ, ಮೊದಲು ನೆಲ ತೊಳೀಬೇಕು ಕಣೋ," ಎಂದು ತೊಳೆದಳು. ಅದರ ಮೇಲೆ ಸುಣ್ಣ ತೊಟ್ಟಿಕ್ಕಿತು, ಮತ್ತೆ ತೊಳೆದಳು. ಎರಡನೇ ಕೈ ಸುಣ್ಣವಾದಾಗ ಮೂರನೇ ಸಲ.

"ಕಡೇಲಿ ಒಂದೇ ಸಲ ತೊಳೆದಿದ್ರೆ ಆಗ್ತಿರಲಿಲ್ಲವೇನಮ್ಮಾ?" ಎಂದೆ.

"ಮೂರು ಸಲ ತೊಳೆದ್ರೂ ಹೀಗಿದೆ. ನಿನ್ನ ಮಾತು ಕೇಳಿದ್ರೆ ಒಂದೇ ಸಲ ಆಗಿರೋದು!"

ಬಾಗಿಲು

ಬಂದವರ ಕಣ್ಣಿಗೆ ಹೊಸದಾಗಿ ಕಾಣಲೆಂದು ತಲೆಬಾಗಿಲಿನ ಹಸಿರು ಬಣ್ಣವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಜಿಟಿಜಿಟಿ ಮಳೆ ಹಿಡಿಯಿತು. ಗೃಹಪ್ರವೇಶದ ಬೆಳಿಗ್ಗೆಯೂ ಬಣ್ಣ ಒಣಗಿರಲಿಲ್ಲ.

ಮನೆಯೊಳಕ್ಕೆ ಮೊದಲು ಹಸು ಬರಬೇಕಲ್ಲ. ಹಾಲಿನಮ್ಮ ತನ್ನ ಬಿಳೀ ಹಸುವನ್ನು ಹಿಡಿದು ತಂದಳು. ಹೊಸಿಲು ದಾಟುವಾಗ ಪುರೋಹಿತರ ಗಂಟೆಗೆ ಬೆದರಿ ಅದು ಬಾಗಿಲುವಾಡಕ್ಕೆ ಒರಗಿತು. ಬಲ ಪಕ್ಕವೆಲ್ಲ ಹಸಿರು.

"ಅಯ್ಯೋ, ನನ್ ಹಸೂನ ಏನ್ ಮಾಡ್ಬುಟ್ರಿ!" ಎಂದು ಅವಳು ಹಗ್ಗ ಹಿಂದಕ್ಕೆಳೆದಳು.

"ಎಳೀಬೇಡಮ್ಮಾ, ಮುಹೂರ್ತ ಮೀರುತ್ತೆ!" ಎಂದರು ಪುರೋಹಿತರು.

ಹಸುವಿನ ಮುಂಭಾಗ ನಮ್ಮ ಮನೆಯಲ್ಲಿ, ಹಿಂಭಾಗ ಬೀದಿಯಲ್ಲಿ. ನಾನು ಹಾಲಿನಮ್ಮನಿಗೆ ಕೈಮುಗಿದೆ. ಅವಳಿಗೂ ಪಾಪ ಅನ್ನಿಸಿತೇನೋ, ಹಗ್ಗ ಸಡಿಲ ಬಿಟ್ಟಳು. ಮುಹೂರ್ತಕ್ಕೆ ಸರಿಯಾಗಿ ಹಸು ಒಳಗೆ ಬಂತು, ನನ್ನವಳು ಹಾಲು ಉಕ್ಕಿಸಿದಳು. ನನಗೆ ಹೋದ ಜೀವ ಬಂದಂತಾಯಿತು.

ಹಸು ಹೊರಡುವಾಗ, "ಹುಷಾರಮ್ಮ, ಮತ್ತೆ ತಾಗೀತು," ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ.

"ಅತ್ಲಾಗ್ ನಿಂತ್ಕಳಿ ಸ್ವಾಮಿ," ಎಂದವಳೇ ಹಸುವಿನ ಎಡ ಪಕ್ಕವನ್ನು ತಾನೇ ಬಾಗಿಲುವಾಡಕ್ಕೆ ಒತ್ತಿದಳು. "ಒಂದೇ ಪಕ್ಕ ಹಸ್ರಾದ್ರೆ ಬೀದೀಲಿ ಜನ ನಗಾಕಿಲ್ವಾ?"