ತೂಗುಕುರ್ಚಿಯ ಟೀಸರ್

ಸುದ್ದಿ ಎಂಥದ್ದೇ ಇರಲಿ, ಅದನ್ನು ಜನರ ಮುಂದಿಡುವ ಕಲೆ ನನಗೆ ಕರಗತ. ಹದಿನೆಂಟು ವರ್ಷದಿಂದ ಸಿನಿಮಾ ಕಂಪನಿಯ ಪ್ರಚಾರ ವಿಭಾಗದಲ್ಲಿದ್ದೇನೆ. ಎರಡೇ ದಿನ ಓಡಿದ ಚಿತ್ರಕ್ಕೆ 'ಎರಡನೆಯ ದಿನದತ್ತ ಯಶಸ್ವಿ ದಾಪುಗಾಲು' ಎಂದು ಪೋಸ್ಟರ್ ಅಂಟಿಸಿದ ಮಹಾನುಭಾವ ನಾನೇ! ಅಂಥವನಿಗೆ ಒಂದು ಕುರ್ಚಿ ಮುರಿದ ಸುದ್ದಿ ಯಾವ ಲೆಕ್ಕ?

ಆದರೆ ಮುರಿದದ್ದು ಮಾವನವರ ತೂಗುಕುರ್ಚಿ. ನಿವೃತ್ತ ಬಡಗಿಯಾದ ಅವರು ಮಗಳ ಮದುವೆಗೆಂದು ಕೈಯಾರೆ ಮಾಡಿಕೊಟ್ಟದ್ದು. ಮದುವೆಯಾಗಿ ಹದಿನಾರು ವರ್ಷದಲ್ಲಿ ಮಾವ ನನ್ನನ್ನು ಹೊಗಳಿದ್ದು ಒಂದೇ ಸಲ: "ಪರವಾಗಿಲ್ಲ, ಕುರ್ಚೀನ ಚೆನ್ನಾಗಿ ಇಟ್ಕೊಂಡಿದೀರಿ." ಸೋಮವಾರ ಬಲ್ಬ್ ಬದಲಿಸಲು ಅದನ್ನು ಹತ್ತಿ ನಿಂತೆ. ಕುರ್ಚಿಯ ಕಾಲು ಪಟ್ಟನೆ ಮುರಿಯಿತು. ಶುಕ್ರವಾರ ಮಾವ ಬರುವವರಿದ್ದರು.

"ಏಣಿ ಇತ್ತಲ್ರಿ," ಎಂದಳು ಹೆಂಡತಿ. "ಈಗ್ಲೇ ಫೋನ್ ಮಾಡಿ ಹೇಳ್ಬಿಡಿ. ಅಪ್ಪ ಎರಡು ಮಾತು ಬೈತಾರೆ, ಮುಗೀತು."

"ಹಾಗೆಲ್ಲ ಏಕಾಏಕಿ ಬಿಡುಗಡೆ ಮಾಡೋಕಾಗಲ್ಲ ಕಣೆ. ಮೊದಲು ಟೀಸರ್. ಚೂರು ತೋರಿಸ್ಬೇಕು, ವಿಷಯ ಬಿಟ್ಕೊಡ್ಬಾರ್ದು. ಜನರ ಮನಸ್ಸು ಹದವಾಗುತ್ತೆ."

ಕುರ್ಚಿಗೆ ಬೆಡ್‌ಶೀಟ್ ಹೊದಿಸಿದೆ. ಕೆಳಗಿನ ಬಾಗಿದ ಮರದ ಪಟ್ಟಿ ಮಾತ್ರ ಕಾಣುವಂತೆ ಫೋಟೋ ತೆಗೆದು ಬಂಧುಗಳ ಗುಂಪಿಗೆ ಕಳಿಸಿದೆ: 'ಶುಕ್ರವಾರ ಸಂಜೆ ಆರಕ್ಕೆ. ನಮ್ಮ ಮನೆಯಲ್ಲಿ. ನೀವು ಊಹಿಸದ ಸುದ್ದಿ.' ಹೆಂಡತಿಗೂ ಮಗಳಿಗೂ ಎಂಬಾರ್ಗೊ ಹೇರಿದೆ. ಅಂದರೆ ವಿಷಯ ಗೊತ್ತಿದ್ದರೂ ಆ ಗಳಿಗೆಯವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಪತ್ರಕರ್ತರೇ ಪಾಲಿಸುವ ನಿಯಮ.

ಅರ್ಧ ಗಂಟೆಯಲ್ಲಿ ಹೆಂಡತಿಯ ಚಿಕ್ಕಮ್ಮನ ಫೋನ್. "ಫೋಟೋದಲ್ಲಿರೋದು ತೊಟ್ಟಿಲಲ್ವಾ? ಈ ವಯಸ್ಸಲ್ಲಿ? ನಿಜವೇನೆ?"

ಹೆಂಡತಿ ನನ್ನನ್ನೇ ದುರುಗುಟ್ಟಿ ನೋಡುತ್ತ, "ಶುಕ್ರವಾರದವರೆಗೆ ಏನೂ ಹೇಳಂಗಿಲ್ಲ ಚಿಕ್ಕಮ್ಮ, ಇವರ ಅಪ್ಪಣೆ," ಎಂದಳು.

ಮುಗಿಯಿತು. ಆ ಮೌನ ಸಾವಿರ ಪೋಸ್ಟರ್‌ಗೆ ಸಮವಾಯಿತು. ನಲವತ್ಮೂರರ ಹೆಂಡತಿಗೆ ಊರೆಲ್ಲ ಅಭಿನಂದನೆ. ಭಾರ ಎತ್ತಬೇಡ ಎಂದು ಪಕ್ಕದ ಮನೆಯಾಕೆ ಅವಳ ಕೈಯಿಂದ ಬಕೆಟ್ ಕಸಿದುಕೊಂಡರು. ನಿಜ ಹೇಳಿಬಿಡೋಣವೆಂದರೆ ನನ್ನದೇ ಎಂಬಾರ್ಗೊ ಅಡ್ಡ ಬಂತು. ಸಾಲದ್ದಕ್ಕೆ ಕುತೂಹಲ ಇಷ್ಟು ಏರಿದ್ದು ಕಂಡು ಒಳಗೊಳಗೇ ಹೆಮ್ಮೆ ಬೇರೆ.

ಗುರುವಾರ ತಪ್ಪೊಪ್ಪಿಗೆಯ ಭಾಷಣವನ್ನು ಮಗಳೆದುರು ಪರೀಕ್ಷಾ ಪ್ರದರ್ಶನ ಮಾಡಿದೆ. ಬಿಡುಗಡೆಗೆ ಮುಂಚೆ ನಾಲ್ಕು ಜನರಿಗೆ ತೋರಿಸಿ ಅಭಿಪ್ರಾಯ ಕೇಳುವುದು ನಮ್ಮಲ್ಲಿ ಪದ್ಧತಿ.

"ಉದ್ದ ಆಯ್ತಪ್ಪಾ," ಎಂದಳು ಒಂಬತ್ತರ ವಿಮರ್ಶಕಿ. "ಮರ, ಕಾಲ, ಮನುಷ್ಯ ಅಂತೆಲ್ಲ ಯಾಕೆ? ಮುರೀತು ಅನ್ನೋದೇ ಬರಲ್ಲ."

ಶುಕ್ರವಾರ ಆರಕ್ಕೆ ಮನೆಯಲ್ಲಿ ಹತ್ತೊಂಬತ್ತು ಜನ. ಚಿಕ್ಕಮ್ಮ ಇನ್ನೊಂದು ತೊಟ್ಟಿಲನ್ನೇ ಆಟೋದಲ್ಲಿ ಹೇರಿಕೊಂಡು ಬಂದಿದ್ದರು. ನಾದಿನಿ ಪುಟ್ಟ ಕಾಲುಚೀಲ ಹೆಣೆದು ತಂದಿದ್ದಳು. ಕೊನೆಗೆ ಮಾವ, ಕಂಕುಳಲ್ಲಿ ಬಟ್ಟೆ ಸುತ್ತಿದ ಉದ್ದನೆಯದೇನನ್ನೋ ಹಿಡಿದು ಬಂದರು. ನೇರ ಬೆಡ್‌ಶೀಟಿನ ಮುಂದೆ ನಿಂತು, "ತೆಗೀರಿ," ಎಂದರು.

ತೆಗೆದೆ. ಭಾಷಣ ಮರೆತೇಹೋಗಿತ್ತು. "ಮುರೀತು ಮಾವ. ನಾನೇ ಮುರಿದೆ," ಎಂದೆ.

"ಹಾಗಾದ್ರೆ ಮಗು?" ಎಂದರು ಚಿಕ್ಕಮ್ಮ.

"ಮಗು ಇಲ್ಲ ಚಿಕ್ಕಮ್ಮ. ಕಾಲು," ಎಂದಳು ಹೆಂಡತಿ.

ಮಾವ ಬಗ್ಗಿ ಮುರಿದ ಜಾಗವನ್ನು ಸವರಿದರು. "ಹೋದ್ಸಲ ನಾನು ಕೂತಾಗ್ಲೇ ಇದು ಬಿರುಕು ಬಿಟ್ಟಿತ್ತು. ಯಾರೂ ಇಲ್ಲದಾಗ ಅಂಟು ಹಾಕಿ, ಪಾಲಿಶ್ ಹಚ್ಚಿ ಹೋದೆ. ಬಡಗಿ ಬಾಯಲ್ಲಿ ಹೇಳೋ ಮಾತಾ ಅದು? ನಿಮ್ಮ ಫೋಟೋದಲ್ಲಿ ನನ್ನ ಪಟ್ಟಿ ನೋಡಿದ ಕೂಡ್ಲೇ ಕಾಲು ಹೋಯ್ತು ಅಂತ ಗೊತ್ತಾಯ್ತು." ಬಟ್ಟೆ ಬಿಚ್ಚಿದರು. ಒಳಗೆ ಹೊಸ ಕಾಲು, ಅಳತೆಗೆ ಸರಿಯಾಗಿ ಕೆತ್ತಿದ್ದು.

ನನ್ನೆದೆ ಉಬ್ಬಿತು. "ಅಂದ್ರೆ ತಪ್ಪು ನನ್ನದಲ್ಲ?"

"ಮೂಲ ಚಿತ್ರ ನಂದು, ನಿಮ್ಮದು ರೀಮೇಕು," ಎಂದರು ಮಾವ ಹತ್ತೊಂಬತ್ತು ಜನರ ಎದುರು. "ಆದ್ರೆ ನೋಡಿ ಅಳಿಯಂದಿರೇ, ನಂದು ಎರಡು ತಿಂಗಳು ಯಾರಿಗೂ ಗೊತ್ತಾಗ್ಲಿಲ್ಲ. ಪ್ರಚಾರ ಅಂದ್ರೆ ಅದು."