ಸಿಟ್ಟಿಗೆ ಉಬ್ಬುವ ಫಾಂಟ್

“ನೋಡವಾ ಶಾಂಭವಿ, ರೆಸ್ಯೂಮಿಗೆ ಯಾವ ಫಾಂಟ್ ಹಾಕಲಿ ಅಂತ ಇನ್ನ ತಲಿ ಕೆಡಿಸ್ಕೋಬ್ಯಾಡ! ಈ ಯಂತ್ರ ನಿನ್ನ ನಾಡಿ ಹಿಡದು ತಾನ ಆರಿಸ್ತದ!”

ಪಕ್ಕದ ಮನೆಯ ಪ್ರಾಣೇಶಕಾಕಾ ಎದೆಯುಬ್ಬಿಸಿ ನಿಂತಿದ್ದರು. ಧಾರವಾಡದ ನಮ್ಮ ಓಣಿಯಲ್ಲಿ ಅವರ ಆವಿಷ್ಕಾರಗಳಿಗೆ ಸುಟ್ಟುಹೋಗದ ಫ್ಯೂಸ್ ಇಲ್ಲ. ಆದರೆ ನನ್ನ ಕಣ್ಣು ಯಂತ್ರದ ಹೊಟ್ಟೆಯೊಳಗೆ ನೆಟ್ಟಿತ್ತು.

“ಕಾಕಾ, ಅದು ನನ್ನ ಮಿಕ್ಸರ್ ಮೋಟರ್ ಅಲ್ಲೇನ್ರಿ?”

“ವಿಜ್ಞಾನಕ್ಕ ಕೊಟ್ಟಿ ಅಂತ ತಿಳ್ಕೊ!”

“ನಾ ಕೊಟ್ಟಿಲ್ರಿ! ನೀವ ಹೇಳದ ಕೇಳದ ಬಿಚ್ಚಿಕೊಂಡು ಹೋಗೀರಿ!”

ಮರುದಿನ ಕಾಲೇಜೊಂದರಲ್ಲಿ ಗ್ರಂಥಪಾಲಕಿ ಹುದ್ದೆಗೆ ನನ್ನ ಸಂದರ್ಶನವಿತ್ತು. ಅತ್ತೆಯವರ ಕಾಯಿಲೆಯಿಂದಾಗಿ ವರ್ಷಗಟ್ಟಲೆ ಬಿಟ್ಟಿದ್ದ ಕೆಲಸಕ್ಕೆ ಮರಳಲು ಅದೊಂದೇ ದಾರಿ. ಹಲ್ಲು ಕಚ್ಚಿ ಯಂತ್ರದ ತಾಮ್ರದ ತಟ್ಟೆಯ ಮೇಲೆ ಕೈಯಿಟ್ಟೆ.

ಗುರ್ರೆಂದಿತು ಯಂತ್ರ. ಹೊರಬಂದ ಹಾಳೆಯ ತುಂಬ ‘ಶಾಂ’ ಮಾತ್ರ! ಅದೂ ತೊಡೆ ತಟ್ಟಿ ನಿಂತ ಕುಸ್ತಿಪಟುವಿನಂಥ ಕರೀ ಅಕ್ಷರ.

“ಸಿಟ್ಟಿಗೇಳಬ್ಯಾಡವಾ, ಅಕ್ಷರ ಉಬ್ಬತಾವ!”

“ಯಾರು ಸಿಟ್ಟಿಗೆದ್ದಾರ?” ಎಂದು ಕಿರುಚಿದೆ. ಎರಡನೆಯ ಹಾಳೆಯಲ್ಲಿ ‘ಭ’ದ ಹೊಟ್ಟೆ ಅಂಚು ದಾಟಿ ಮೇಜಿನ ಮೇಲೆ ಹರಿಯಿತು!

ಗದ್ದಲ ಕೇಳಿ ನನ್ನ ಗಂಡ ಮುಕುಂದ ಓಡಿಬಂದ. “ಕಣ್ಣು ಮುಚ್ಚು, ನಿನ್ನ ತವರುಮನಿ ನೆನಸ್ಕೊ,” ಎಂದ. ನೆನೆಸಿಕೊಂಡೆ. ಕಡೆಗೊಂದು ಹಾಳೆ ಅಚ್ಚುಕಟ್ಟಾದ, ಸೌಮ್ಯ ಅಕ್ಷರಗಳಲ್ಲಿ ಬಂತು. ಆ ಶಾಯಿ ಕಾಗದಕ್ಕೆ ಇಳಿದ ಮೇಲೂ ನನ್ನ ನಾಡಿಗೆ ಕಿವಿಗೊಟ್ಟೇ ಇರುತ್ತದೆ ಎಂಬುದನ್ನು ಮಾತ್ರ ಕಾಕಾ ಬಾಯಿಬಿಡಲಿಲ್ಲ!

ಸಂದರ್ಶನದಲ್ಲಿ ಪ್ರಾಚಾರ್ಯರು ಹಾಳೆಯ ಮೇಲೆ ಕಣ್ಣಾಡಿಸಿದರು.

“ಇಷ್ಟ ವರ್ಷ ಮನ್ಯಾಗ ಸುಮ್ನ ಕೂತಿದ್ರೇನು?”

ಸುಮ್ಮನೆ! ನಾನು ನಗುತ್ತಲೇ ಇದ್ದೆ. ಹಾಳೆ ನಗಲಿಲ್ಲ. ‘ಅನುಭವ’ ಎಂಬ ಪದ ಉಬ್ಬಿ, ಕಾಗದ ಬಿಟ್ಟೆದ್ದು, ಅವರ ಬಿಳಿ ಅಂಗಿಯ ತೋಳು ಹತ್ತತೊಡಗಿತು.

“ಏನ್ರಿ ಇದು! ತಗೀರಿ!”

“ನನ್ನ ಸಿಟ್ಟರಿ ಅದು! ಅತ್ತೀನ್ನ ಎತ್ತಿ ಕೂಡ್ಸೋದು, ಉಣ್ಸೋದು, ಹೊಲಸು ಬಳಿಯೋದು, ಇದೆಲ್ಲಾ ಸುಮ್ನ ಕೂಡೋದೇನ್ರಿ? ಆ ಮಾತು ವಾಪಸ್ ತಗೋರಿ!”

‘ಅ’ ಆಗಲೇ ಅವರ ಕೆನ್ನೆ ಮುಟ್ಟಿತ್ತು. ‘ವ’ ಬೋಳುತಲೆಯನ್ನು ಆಕ್ರಮಿಸಿಕೊಂಡಿತ್ತು.

“ತಪ್ಪಾತ್ರಿ! ತಪ್ಪಾತು!”

ಅಕ್ಷರಗಳು ಅಲ್ಲಲ್ಲೇ ನಿಂತವು. ಎಷ್ಟು ಸಾಬೂನು ಹಚ್ಚಿದರೂ ಹೋಗಲಿಲ್ಲ. ಆಯ್ಕೆ ಸಮಿತಿಯಲ್ಲಿದ್ದ ಹಿರಿಯ ಪ್ರಾಧ್ಯಾಪಕಿ ಮಾತ್ರ, “ಲೈಬ್ರರಿಯೊಳಗ ಹುಡುಗ್ರ ಗದ್ದಲ ಅಡಗಿಸಲಿಕ್ಕೆ ಇಂಥಾವ್ರ ಬೇಕು,” ಎಂದು ಸಹಿ ಹಾಕಿಬಿಟ್ಟರು.

ವಾರದೊಳಗೆ ನೇಮಕಾತಿ ಆದೇಶ ಬಂತು. ಕಾಲೇಜಿನ ಹೆಸರು ಅಂಗೈಯಗಲ, ನನ್ನ ಸಂಬಳ ಸಾಸಿವೆಕಾಳಿನಷ್ಟು ಸಣ್ಣ ಅಕ್ಷರದಲ್ಲಿ. ಅಂಥ ಫಾಂಟ್ ಆರಿಸಲು ಅವರಿಗೆ ಯಾವ ಯಂತ್ರವೂ ಬೇಕಾಗಿರಲಿಲ್ಲ.